ಜೋಳಿಗೆ ನಿಲ್ಲದ ಮನೆ

ನಾನು ದಾಂಡೇಲಿಗೆ ಬಂದದ್ದು ಲಗ್ನವಾದ ವರ್ಷ, ಐವತ್ತರ ದಶಕ ಮುಗಿಯುತ್ತಿದ್ದಾಗ. ಧಾರವಾಡದ ಕಡೆಯ ಬಯಲಿನ ಹುಡುಗಿ ನಾನು. ಎರೆಹೊಲ, ಅದರ ಮೇಲೆ ಅಷ್ಟಗಲ ಆಕಾಶ, ಇಷ್ಟು ನೋಡಿ ಬೆಳೆದವಳು. ಇಲ್ಲಿ ನೋಡಿದರೆ ನಾಲ್ಕೂ ಕಡೆ ಕಾಡು, ನಡುವೆ ಕಾಗದದ ಮಿಲ್ಲು, ಮಿಲ್ಲಿನ ಹಿಂದೆ ಸಾಲುಮನೆಗಳು. ಅದರಲ್ಲೊಂದು ನಮ್ಮದು: ಎರಡು ಖೋಲಿ, ಹಿಂದೊಂದು ಬಚ್ಚಲು. ಇಡೀ ಊರಿಗೆ ಬೆಂದ ಬಿದಿರಿನ ವಾಸನೆ. "ಸ್ವಲ್ಪ ದಿನಾ ತಡಿ, ಆಮ್ಯಾಲೆ ಮೂಗಿಗೆ ಗೊತ್ತಾಗೂದಿಲ್ಲ" ಎಂದರು ನಮ್ಮ ಮನೆಯವರು. ನಿಜವೇ ಆಯಿತು. ಮುಂದೆ ತವರಿಗೆ ಹೋದಾಗ, ನನ್ನ ಸೀರೆಯ ವಾಸನೆಗೆ ಅತ್ತಿಗೆ ಮೂಗು ಮುರಿದಾಗಲೇ ನನಗೆ ಅದು ಮತ್ತೆ ನೆನಪಾದದ್ದು.

ನಮ್ಮ ಗಡಿಯಾರವೆಂದರೆ ಮಿಲ್ಲಿನ ಭೋಂಗಾ. ಭೋಂಗಾ ಕೂಗಿದಾಗ ಒಲೆ ಹೊತ್ತಿಸುವುದು, ಭೋಂಗಾ ಕೂಗಿದಾಗ ಡಬ್ಬಿ ಕಟ್ಟುವುದು. ಅವರು ಪಾಳಿಯ ಮೇಲೆ ದುಡಿಯುವವರು. ನಾನು ಎದ್ದಾಗ ಅವರು ಮಲಗಿರುತ್ತಿದ್ದರು, ಅವರು ಎದ್ದಾಗ ನಾನು ನಳದ ಮುಂದೆ ಕೊಡ ಹಿಡಿದು ನಿಂತಿರುತ್ತಿದ್ದೆ. ಮಾತು ಕಡಿಮೆಯ ಮನುಷ್ಯ. ನನಗೋ ನಾಲಿಗೆ ಸ್ವಲ್ಪ ಉದ್ದ. ಆಡಿಸಲು ಜನ ಸಿಗದೆ ಅದು ಬಾಯಲ್ಲೇ ಒಣಗಿತು. ಮಕ್ಕಳಾಗಲಿಲ್ಲ. ಆ ವಿಷಯ ಎರಡೂ ಕಡೆಯ ಬೀಗರು ಕೂತು ಸಾಕಷ್ಟು ಮಾತಾಡಿ ಮುಗಿಸಿದ್ದಾರೆ, ನಾನು ಮತ್ತೆ ಹೇಳುವಂಥದ್ದು ಏನೂ ಇಲ್ಲ.

ಇಂಥ ಊರಿನಲ್ಲಿ ನನಗೊಂದು ವಾರದ ಲೆಕ್ಕ ಕೊಟ್ಟದ್ದು ಸೋಮವಾರದ ಜೋಳಿಗೆ.

ಬಯಲುಸೀಮೆಯಿಂದ ಬಂದ ಒಬ್ಬ ವಯಸ್ಸಾದ ಜಂಗಮರು ಟಿಂಬರ್ ಡಿಪೋದ ಅಂಚಿನಲ್ಲಿ ಒಂದು ಹಳೆಯ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಆ ಶೆಡ್ಡಿನಲ್ಲಿ ಸೋಮವಾರಕ್ಕೊಮ್ಮೆ ದಾಸೋಹ. ಉಣ್ಣಲು ಬರುವವರು ಬೇರೆ ಯಾರೂ ಅಲ್ಲ, ಈ ಊರನ್ನು ಕಟ್ಟಿದವರೇ. ಬಿದಿರು ಕಡಿಯಲು, ದಿಮ್ಮಿ ಎಳೆಯಲು ಎಲ್ಲೆಲ್ಲಿಂದಲೋ ಬಂದು, ಕೈಯೋ ಕಾಲೋ ಕೆಟ್ಟು, ತಿರುಗಿ ಹೋಗಲು ಊರೇ ಇಲ್ಲದಂತಾದವರು. ಅವರು ರಾತ್ರಿ ಅಂಗಡಿಗಳ ಕಟ್ಟೆಯ ಮೇಲೆ, ಸ್ಟೇಶನ್ನಿನ ಹತ್ತಿರ, ಮರ ಕೊಯ್ಯುವ ಸಾಮಿಲ್ಲಿನ ಹೊಟ್ಟಿನ ರಾಶಿಯ ಪಕ್ಕ ಮಲಗುತ್ತಿದ್ದರು.

ದಾಸೋಹಕ್ಕೆ ಹಿಟ್ಟು ಬರುತ್ತಿದ್ದುದು ನಮ್ಮ ಸಾಲುಮನೆಗಳಿಂದ. ಪ್ರತಿ ಮನೆಯಲ್ಲೂ ಒಲೆಯ ಹತ್ತಿರ ಒಂದು ಗಡಿಗೆ. ಬೆಳಿಗ್ಗೆ ರೊಟ್ಟಿಗೆ ಹಿಟ್ಟು ತೆಗೆದಾಗ ಮೊದಲು ಒಂದು ಹಿಡಿ ಆ ಗಡಿಗೆಗೆ, ಆಮೇಲೆ ಉಳಿದದ್ದು ನಮಗೆ. ಸೋಮವಾರ ಮುಂಜಾನೆ ಅಜ್ಜಾರು ಮೊಣಕಾಲಿನ ಕೆಳಗೆ ಜಂಗು ಕಟ್ಟಿಕೊಂಡು, ಹೆಗಲಿಗೆ ಕಾವಿಯ ಜೋಳಿಗೆ ಹಾಕಿಕೊಂಡು ಬರುತ್ತಿದ್ದರು. ಆ ಜಂಗಿನ ಗಂಟೆಯ ಸಪ್ಪಳ ಸಾಲಿನ ತುದಿಯಲ್ಲಿ ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಹೊಸ್ತಿಲಿಗೆ ಬರುವುದು. ಅವರು ಜೋಳಿಗೆಯ ಬಾಯಿ ತೆರೆದು ನಿಲ್ಲುತ್ತಿದ್ದರು, ಆದರೆ ತಲೆ ಎತ್ತುತ್ತಿರಲಿಲ್ಲ. ಕೊಟ್ಟವರ ಮುಖ ನೋಡಬಾರದು; ಯಾರ ಮನೆಯದು, ಎಷ್ಟು, ಕೇಳಬಾರದು. ನಾವೂ ಅಷ್ಟೇ, ಅವರನ್ನು ಕೂಗಿ ಕರೆಯುವಂತಿಲ್ಲ. ಅವರಾಗಿ ಬಂದು ನಿಲ್ಲಬೇಕು. ಹಿಟ್ಟನ್ನು ನಾವೇ ಶೆಡ್ಡಿಗೆ ಒಯ್ದು ಸುರಿಯುವಂತೆಯೂ ಇಲ್ಲ. ನಾನು ಹೊಸದರಲ್ಲಿ ಒಮ್ಮೆ ಒಯ್ದಿದ್ದೆ. ಅಜ್ಜಾರು ನಕ್ಕರು. "ಹೊಸ್ತಿಲಾ ದಾಟಿ ಬಂದ ಹಿಟ್ಟು ಭಿಕ್ಷಾ ಅಲ್ರಿ ತಾಯಿ, ಸಂತೀ ಮಾಲು. ಮನ್ಯಾಗ ಇಡ್ರಿ, ನಾ ಬರ್ತೇನಿ. ನಿಮ್ಮ ಮನೀ ಮುಂದ ನಾ ನಿಂದರಬೇಕು, ಅದಽ ದಾಸೋಹ" ಎಂದರು.

ಆಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಬಿಸಿಲಲ್ಲಿ ಹೊತ್ತುಕೊಂಡು ಬಂದವಳಿಗೆ ಈ ಶಾಸ್ತ್ರವೇ ಎಂದು. ಹಿಟ್ಟು ಹಿಟ್ಟೇ ಅಲ್ಲವೇ, ಹೊಟ್ಟೆಗೆ ಹೊಸ್ತಿಲು ಗೊತ್ತೇ?

ಹಿಟ್ಟು ಬಂದ ಮೇಲೆ ನಾವು ಹೆಂಗಸರು ಶೆಡ್ಡಿನಲ್ಲಿ ಕೂಡಿ ರೊಟ್ಟಿ ಬಡಿಯುತ್ತಿದ್ದೆವು. ಅಲ್ಲಿ ಯಜಮಾನಿಕೆ ನಮ್ಮ ಪಕ್ಕದ ಮನೆಯ ಅಕ್ಕನದು. ದೊಡ್ಡ ಶರೀರ, ಅದಕ್ಕಿಂತ ದೊಡ್ಡ ದನಿ, ಎಲ್ಲಕ್ಕಿಂತ ದೊಡ್ಡ ಕರುಳು. ಒಂದು ಕಡೆ ಎಸರು, ಒಂದು ಕಡೆ ಖಾರಬ್ಯಾಳಿ, ನಡುವೆ ಮೂರು ಹಂಚು. ನನ್ನ ರೊಟ್ಟಿ ತೆಳ್ಳಗೆ, ಅಂಚು ಒಡೆಯದಂತೆ ಬರುತ್ತಿತ್ತು. ಅದರ ಜಂಬ ನನಗಿತ್ತು, ಈಗಲೂ ಇದೆ. ರೊಟ್ಟಿ ಬಡಿಯುತ್ತ ಆಡಿದ ಮಾತೇ ನನಗೆ ವಾರವಿಡೀ ಸಾಕಾಗಬೇಕಿತ್ತು. ಯಾರ ಸೊಸೆ ಯಾರ ಮಾತಿಗೆ ತಿರುಗಿ ಅಂದಳು, ಅಳ್ನಾವರದ ಗಾಡಿಗೆ ಯಾರು ಬಂದರು, ಸಂತೆಯಲ್ಲಿ ಮೆಣಸಿನಕಾಯಿ ಎಂಥದು ಬಂದಿದೆ. ಮನೆಗೆ ಬಂದು ಬಾಗಿಲು ಹಾಕಿದರೆ ಮತ್ತೆ ಭೋಂಗಾ, ಮತ್ತೆ ಮಲಗಿದ ಗಂಡ.

ಪಂಕ್ತಿಗೆ ಬರುವವರಲ್ಲಿ ಒಬ್ಬಳು ಮುದುಕಿ ಇದ್ದಳು. ಸಿದ್ದಿ ಹೆಂಗಸು, ಹಳಿಯಾಳದ ಆಚೆಯ ಯಾವುದೋ ಹಳ್ಳಿಯವಳು. ಕೊರಳಲ್ಲಿ ಕಪ್ಪು ದಾರಕ್ಕೆ ಸಣ್ಣದೊಂದು ಶಿಲುಬೆ. ಬಿದಿರು ಹೊತ್ತು ಹೊತ್ತು ಒಂದು ಭುಜ ಇಳಿದುಹೋಗಿತ್ತು. ಮಗನೊಬ್ಬ ಗೋವೆಯ ಕಡೆ ಹೋದವನು ಬರಲಿಲ್ಲವಂತೆ. ಶೆಡ್ಡಿನ ಹೊರಗೆ ತಗಡು ಚಾಚಿದಲ್ಲಿ ಆಕೆಯ ಚಾಪೆ. ಆಕೆಯ ಹೆಸರು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಪಂಕ್ತಿಯಲ್ಲಿ ಹೆಸರು ಕೇಳುವ ರೂಢಿ ಇರಲಿಲ್ಲ. ಗಂಜಿ, ಆಕೆಯ ಮಾತಿನಲ್ಲಿ ಪೇಜ, ಕುಡಿದು ಬೆಳೆದ ಜೀವ; ನಮ್ಮ ಜೋಳದ ರೊಟ್ಟಿ ಆಕೆಗೆ ಒಗ್ಗುತ್ತಿರಲಿಲ್ಲ. "ಏನ ಬಾಯಿ, ನಿಮ್ಮ ರೊಟ್ಟಿ ಅಂದ್ರ ಕೆರದ ತೊಗಲು! ಒಂದಿನಾ ಪೇಜ ಮಾಡ್ರಿ" ಎಂದು ಬೈದುಕೊಳ್ಳುತ್ತಲೇ ಸಾರಿನಲ್ಲಿ ನೆನೆಸಿ ನಾಲ್ಕು ಉಣ್ಣುತ್ತಿದ್ದಳು. ತೆಳ್ಳನೆಯ ರೊಟ್ಟಿಯ ನನ್ನ ಜಂಬಕ್ಕೆ ಆಕೆಯೊಬ್ಬಳೇ ಮದ್ದು. ಉಂಡೆದ್ದ ಮೇಲೆ ಅಜ್ಜಾರ ಕಡೆ ಕೈಯೆತ್ತಿ "ದೇವ್ ಬರೆಂ ಕರುಂ" ಅನ್ನುವಳು, ದೇವರು ಒಳ್ಳೆಯದು ಮಾಡಲಿ ಎಂದು. ಅಜ್ಜಾರು "ಶರಣು ತಾಯಿ" ಅನ್ನುವರು. ಯಾರು ಯಾವ ದೇವರ ಹೆಸರು ಹೇಳಿದರು ಎಂದು ಇಬ್ಬರೂ ತಲೆ ಕೆಡಿಸಿಕೊಂಡವರಲ್ಲ.

ಒಮ್ಮೆ ಆಕೆಯೇ ಹೇಳಿದ್ದಳು: "ಶುಕ್ರವಾರ ದರ್ಗಾದಾಗ, ಐತವಾರ ಇಗರ್ಜಿ ಮುಂದ, ಸೋಮವಾರ ನಿಮ್ಮಲ್ಲಿ. ನನ್ನ ವಾರದಾಗ ಮೂರು ದೇವ್ರದಾವು ಬಾಯಿ. ಉಳದ ದಿನಾ ನಾ ಒಬ್ಬಾಕಿನ." ನಾವೆಲ್ಲ ನಕ್ಕೆವು. ಆಕೆಯೂ ನಕ್ಕಳು. ಆದರೆ ಸೋಮವಾರ ಆಕೆ ಬರಿಗೈಲಿ ಬಂದದ್ದು ನಾನು ಎಂದೂ ನೋಡಿಲ್ಲ. ಕಾಡಿನಂಚಿನಿಂದ ಒಂದು ಹೊರೆ ಒಣಕಟ್ಟಿಗೆ ತಂದು ನಮ್ಮ ಒಲೆಯ ಪಕ್ಕ ಹಾಕಿ, ಆಮೇಲೆಯೇ ಪಂಕ್ತಿಗೆ ಕೂಡುತ್ತಿದ್ದಳು. ಕಟ್ಟಿಗೆ ಎಲ್ಲಿಂದ ಬರುತ್ತದೆ ಎಂದು ಆಗ ಯೋಚಿಸುವ ಕಾರಣ ನಮಗೆ ಇರಲಿಲ್ಲ. ಒಲೆ ಉರಿಯುತ್ತಿತ್ತು, ಅಷ್ಟೇ.

ಅರವತ್ತರ ನಡುವಿನ ಒಂದು ಬೇಸಿಗೆಯಲ್ಲಿ ನಮ್ಮ ಮನೆಯವರಿಗೆ ಕಾಮಣಿ ಬಂತು. ಕಣ್ಣು ಹಳದಿ, ಉಗುರು ಹಳದಿ. ದವಾಖಾನೆಯೂ ಆಯಿತು, ಜೋಯಿಡಾದ ಕಡೆಯಿಂದ ತರಿಸಿದ ಬೇರಿನ ಔಷಧವೂ ಆಯಿತು. ಮಾತು ಕಡಿಮೆಯ ಮನುಷ್ಯ ಕೊನೆಯ ದಿನಗಳಲ್ಲಿ ಬಹಳ ಮಾತಾಡಿದರು, ಆದರೆ ಅದರಲ್ಲಿ ಯಾವುದೂ ನನ್ನೊಡನೆ ಆಡಿದ್ದಲ್ಲ. ಜ್ವರದಲ್ಲಿ ಯಾರೋ ಪಾಳಿಯವರ ಹತ್ತಿರ ಯಾವುದೋ ಯಂತ್ರದ ಬಗ್ಗೆ. ಒಂದು ಮಧ್ಯಾಹ್ನ ಎಲ್ಲ ನಿಂತಿತು. ಊರ ಹೊರಗೆ ಮಣ್ಣು ಕೊಟ್ಟು ಬಂದರು.

ನಮ್ಮ ಅಣ್ಣ ಬಂದ. ಒಳ್ಳೆಯವನು. ನನ್ನ ಟ್ರಂಕು, ಭಾಂಡೆಗಳನ್ನೆಲ್ಲ ಒಮ್ಮೆ ಕಣ್ಣಲ್ಲೇ ಅಳೆದು ಹೇಳಿದ: "ನಡಿ ತಂಗಿ, ಊರಿಗೆ ಹೋಗೂಣು."

"ಇಷ್ಟ ಲಗೂ ಬ್ಯಾಡಣ್ಣಾ" ಎಂದೆ.

"ಇಲ್ಲಿ ಯಾರದಾರವಾ ನಿನಗ?"

ಯಾರಿದ್ದಾರೆ? ಗಂಡನನ್ನು ಈ ಊರಿನ ಮಣ್ಣಿಗೆ ಕೊಟ್ಟಾಯಿತು. ಮಗುವಿಲ್ಲ. ತವರಿನಲ್ಲಿ ಅತ್ತಿಗೆಯ ಅಡುಗೆಮನೆಯ ಮೂಲೆಯಲ್ಲಿ ನಾನು ಹೇಗೆ ಇರುತ್ತೇನೆಂದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಹೊಡೆಯುವವರಿಲ್ಲ, ಬೈಯುವವರಿಲ್ಲ, ಆದರೆ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಇನ್ನೊಬ್ಬರ ಮುಖ ನೋಡಬೇಕು. ನನಗೆ ಬೇಕಾದದ್ದು ನನ್ನ ಒಲೆ. ಒಂದು ರೊಟ್ಟಿ ಬೇಯುವ ಒಲೆಯಾದರೂ ಸರಿ, ನನ್ನದು. ಇದನ್ನು ಅಣ್ಣನಿಗೆ ಹೇಗೆ ಹೇಳುವುದು?

ಅವನೇ ಮೆತ್ತಗಾದ. "ಆತು. ಪಂಚಮಿಗೆ ಕರಿಯಾಕ ಬರ್ತೇನಿ. ಅಷ್ಟರಾಗ ಎಲ್ಲಾ ಕಟ್ಟಿಟ್ಟುಕೋ" ಎಂದು ಹೋದ. ನಾಗರಪಂಚಮಿಗೆ ಅಣ್ಣ ಕರೆಯಲು ಬರುವುದೆಂದರೆ ನಮ್ಮ ಕಡೆ ಹೆಣ್ಣುಮಕ್ಕಳು ವರ್ಷವಿಡೀ ಕಾಯುವ ಸಂಭ್ರಮ. ನನಗೆ ಆ ಸಲ ಅದೇ ಗಡುವಾಯಿತು.

ಮಿಲ್ಲಿನವರು ಕೆಟ್ಟವರಲ್ಲ, ಮಳೆ ಹಿಡಿಯುವವರೆಗೆ ಮನೆಯಲ್ಲಿ ಇರಿ ಎಂದರು. ನಾನು ಇದ್ದೆ. ಭೋಂಗಾ ಕೂಗಿದಾಗ ಎದ್ದು ಒಲೆ ಹೊತ್ತಿಸುತ್ತಿದ್ದೆ, ಡಬ್ಬಿ ಕಟ್ಟುವವರು ಯಾರೂ ಇಲ್ಲವೆಂದು ಆಮೇಲೆ ನೆನಪಾಗುತ್ತಿತ್ತು. ಬೆಳಿಗ್ಗೆ ಹಿಟ್ಟು ತೆಗೆದಾಗ ಮೊದಲಿನಂತೆ ಒಂದು ಹಿಡಿ ಗಡಿಗೆಗೆ ಹಾಕುತ್ತಿದ್ದೆ. ಅದೊಂದು ಕೆಲಸ ಕೈಗೆ ತಾನೇ ಗೊತ್ತಿತ್ತು.

ಮೊದಲ ಸೋಮವಾರ ಜಂಗಿನ ಸಪ್ಪಳ ಕೇಳಿತು. ನಾನು ಗಡಿಗೆ ಹಿಡಿದು ಬಾಗಿಲ ಹಿಂದೆ ನಿಂತೆ. ಅಜ್ಜಾರು ಈಚಿನ ಮನೆಯ ಮುಂದೆ ನಿಂತರು. ಅಕ್ಕನ ಬಳೆಯ ಸಪ್ಪಳ, ಹಿಟ್ಟು ಬಿದ್ದದ್ದು, "ಶರಣು" ಅಂದದ್ದು ಎಲ್ಲ ಕೇಳಿತು. ಜಂಗು ಮತ್ತೆ ಅಲುಗಿತು. ನಾನು ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಸಪ್ಪಳ ನನ್ನ ಬಾಗಿಲನ್ನು ದಾಟಿ ಆಚೆಯ ಮನೆಯ ಮುಂದೆ ನಿಂತಿತ್ತು.

ಸಾವಿನ ಮನೆ, ಈ ವಾರ ಬಿಟ್ಟಿರಬೇಕು ಎಂದುಕೊಂಡೆ. ಮುಂದಿನ ವಾರವೂ ಹಾಗೆಯೇ ದಾಟಿತು. ಅದರ ಮುಂದಿನ ವಾರ ನಾನು ಮೊದಲೇ ಹೊಸ್ತಿಲಲ್ಲಿ ನಿಂತಿದ್ದೆ. ತಲೆ ಎತ್ತದ ಅಜ್ಜಾರು ತಲೆ ಎತ್ತದೆಯೇ ಹೋದರು. ಕೂಗಿ ಕರೆಯುವಂತಿಲ್ಲವಲ್ಲ. ಗಡಿಗೆ ಹಿಡಿದ ನನ್ನ ಕೈ ಅಲ್ಲೇ ಉಳಿಯಿತು.

ಅಕ್ಕ ನೋಡಿದ್ದಳೆಂದು ಕಾಣುತ್ತದೆ, ಸಂಜೆ ಬಂದು ಕೂತಳು. "ಮನಸಿಗೆ ಹಚ್ಕೋಬ್ಯಾಡ ತಂಗಿ. ದುಡಿಯಾಂವ ಹೋದ ಮನೀ. ಅಂಥಾ ಮನ್ಯಾಗ ಹಿಡಿ ಹಿಟ್ಟು ಇಸಕೊಂಡ್ರ ಆ ಅನ್ನಾ ಯಾರಿಗೆ ದಕ್ಕೀತು? ನಾವಽ ಅಜ್ಜಾರಿಗೆ ಹೇಳೀವಿ, ಆಕೀ ಬಾಗಲದಾಗ ನಿಂದರಬ್ಯಾಡ್ರಿ ಅಂತ. ನಿನಗ ಭಾರ ಆಗಬಾರದು." ಹೇಳುತ್ತ ಆಕೆಯ ಕಣ್ಣಲ್ಲಿ ನೀರು. ನಾಲ್ಕು ಬಿಸಿರೊಟ್ಟಿ, ಪುಂಡಿಪಲ್ಯ ಸೆರಗಿನ ಕೆಳಗೆ ಮುಚ್ಚಿ ತಂದಿದ್ದಳು.

ಸಿಟ್ಟು ಮಾಡುವುದಾದರೂ ಯಾರ ಮೇಲೆ? ಬೈದವರಾದರೆ ತಿರುಗಿ ಬೈಯಬಹುದು. ಇಷ್ಟು ಪ್ರೀತಿಯಿಂದ ಬಾಗಿಲು ಹಾಕಿದವರಿಗೆ ಏನು ಹೇಳುವುದು? ನನ್ನ ಮನೆಯನ್ನು ಅವರು ಮನೆಗಳ ಸಾಲಿನಿಂದ ತೆಗೆದು ಹಾಕಿದ್ದರು. ರೊಟ್ಟಿ ಇಸಿದುಕೊಂಡೆ. ಉಂಡೆ ಕೂಡ, ಹೊಟ್ಟೆ ಕೇಳಬೇಕಲ್ಲ. ಹಸಿವೆಯಾಗಿ ಉಣ್ಣುತ್ತ ಅಳುವುದು ಬಹಳ ಕಷ್ಟ.

ಮರು ಸೋಮವಾರ ಗಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನೇ ಶೆಡ್ಡಿಗೆ ಹೋದೆ. ಸಂತೆ ಮಾಲಾದರೂ ಆಗಲಿ, ಸುರಿದೇ ಬರುತ್ತೇನೆ ಎಂಬ ಹಟ. ಒಲೆಯ ಹತ್ತಿರ ಹೋಗಿ ಕೂಡುವಷ್ಟರಲ್ಲಿ ಎಲ್ಲರೂ ಎದ್ದು ನಿಂತರು. ಹಿಟ್ಟು ನಾದಲು ನಾನು ಎಳೆದುಕೊಂಡ ಪರಾತವನ್ನು ಒಬ್ಬಳು ಕಸಿದುಕೊಂಡಳು. "ನಿನ್ನ ಕೈಲೆ ಕೆಲಸಾ ಮಾಡ್ಸಿದ್ರ ನಮಗ ನರಕಾ ಬಂದೀತು. ನೀ ಆರಾಮ ಕೂಡ್ರು" ಎಂದು ಅಕ್ಕ ಭುಜ ಹಿಡಿದು ನನ್ನನ್ನು ಕರೆದುಕೊಂಡು ಹೋಗಿ ಪಂಕ್ತಿಯಲ್ಲಿ ಕೂಡಿಸಿದಳು. ಎಲ್ಲಕ್ಕೂ ಮುಂದೆ. ಎಲ್ಲರಿಗಿಂತ ಮೊದಲು ನನ್ನ ಎಲೆಗೆ ರೊಟ್ಟಿ ಬಿತ್ತು, ಎಲ್ಲರಿಗಿಂತ ಒಂದು ಹೆಚ್ಚು. ಅಂಚು ಒಡೆದ ದಪ್ಪ ರೊಟ್ಟಿ. ಯಾರು ಬಡಿದದ್ದೆಂದು ನೋಡಿದೊಡನೆ ಗೊತ್ತಾಯಿತು. ಇಷ್ಟು ವರ್ಷ ನಾನು ಬಗ್ಗಿ ಬಡಿಸಿದ ಸಾಲಿನಲ್ಲಿ ಕೂತು ಮೇಲೆ ನೋಡಿದರೆ ಎಲ್ಲರ ಮುಖ ಬೇರೆಯಾಗಿ ಕಾಣುತ್ತಿತ್ತು.

ನನ್ನ ಪಕ್ಕದಲ್ಲಿ ಆ ಮುದುಕಿ. ರೊಟ್ಟಿ ಸಾರಿನಲ್ಲಿ ನೆನೆಯಲು ಬಿಟ್ಟು ನನ್ನನ್ನೇ ನೋಡಿದಳು.

"ನೀ ಯಾಕ ಇಲ್ಲಿ ಕುಂತಿ?"

"ಕುಂದ್ರಿಸ್ಯಾರ."

"ಸೆರಗಿನಾಗ ಏನದು?"

ಹೇಳಿದೆ. ಹಿಟ್ಟು, ಜೋಳಿಗೆ ನನ್ನ ಮನೆಯ ಮುಂದೆ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಕೊಡುವಂತಿಲ್ಲ, ಕೂಗಿ ಕರೆಯುವಂತಿಲ್ಲ. ಇಷ್ಟು ದಿನ ಯಾರಿಗೂ ಹೇಳದೇ ಇದ್ದದ್ದನ್ನು ಆಕೆಯ ಮುಂದೆ ಯಾಕೆ ಹೇಳಿದೆನೋ. ಬಹುಶಃ ಆಕೆ ನನ್ನನ್ನು ನೋಡಿ ಅಯ್ಯೋ ಅನ್ನಲಿಲ್ಲ, ಅದಕ್ಕೇ ಇರಬೇಕು.

"ನಿಮ್ಮ ಮಂದಿ ಶಾಸ್ತ್ರಾನೂ ನಿಮ್ಮ ರೊಟ್ಟಿ ಹಂಗಽ" ಎಂದಳು ಆಕೆ. "ನೆನಸಲಿಕ್ಕ ಹೊತ್ತು ಬೇಕು." ಆಮೇಲೆ ತಾನು ತಂದ ಕಟ್ಟಿಗೆಯ ಹೊರೆಯ ಕಡೆ ಕೈ ಮಾಡಿ, "ನಾ ಬರೇ ಕೈಲೆ ಉಣ್ಣೂದಿಲ್ಲ ಬಾಯಿ. ಇಲ್ಲೂ ಇಲ್ಲ, ಇಗರ್ಜಿಯಾಗೂ ಇಲ್ಲ. ಬರೇ ಕೈಲೆ ಉಂಡ್ರ ನನಗ ನಿದ್ದಿ ಹತ್ತೂದಿಲ್ಲ" ಎಂದಳು.

ಅಂದು ನಾನು ಗಡಿಗೆಯನ್ನು ಸುರಿಯಲಿಲ್ಲ. ತಿರುಗಿ ಹೊತ್ತುಕೊಂಡು ಬಂದೆ. ಇನ್ನು ಆ ಪಂಕ್ತಿಗೆ ಹೋಗಲೂ ಮನಸ್ಸಾಗಲಿಲ್ಲ.

ಮಳೆ ಹಿಡಿಯುವ ಮೊದಲೇ ಸಾಲುಮನೆ ಬಿಟ್ಟೆ. ಹಳೇ ದಾಂಡೇಲಿಯ ಕಡೆ, ಒಂದು ಸಾಮಿಲ್ಲಿನ ಹಿಂದಿನ ಓಣಿಯಲ್ಲಿ ತಗಡಿನ ಖೋಲಿಯೊಂದು ಸಿಕ್ಕಿತು. ಬಾಜಾರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಒಂಟಿ ಗಂಡಸರು ಉಣ್ಣುವ ಜಾಗ, ನಾನು ಹಿಂದಿನ ಒಲೆಯ ಮುಂದೆ. ಯಾರು ಉಂಡರು, ಯಾರು ಎದ್ದರು ಗೊತ್ತಾಗುತ್ತಿರಲಿಲ್ಲ. ಮಾತಿಲ್ಲ. ಕೆಲಸ ಮುಗಿಸಿ ಖೋಲಿಗೆ ಬಂದರೆ ಆಚೆ ಸಾಮಿಲ್ಲಿನ ಗರಗಸದ ಸದ್ದು; ಅದು ನಿಂತರೆ ಏನೂ ಇಲ್ಲ. ಓಣಿಯ ಜನ ಕೊಂಕಣಿ ಆಡುವವರು, ಉರ್ದು ಆಡುವವರು. ಒಳ್ಳೆಯ ಜನವೇ, ನೋಡಿ ನಗುತ್ತಿದ್ದರು. ನಗೆಗೆ ಭಾಷೆ ಬೇಡ, ಆದರೆ ನಗೆ ಎಷ್ಟು ಹೊತ್ತು ನಡೆದೀತು? ನಾನು ಕೆಲವು ಸಂಜೆ ನನ್ನ ದನಿ ಇನ್ನೂ ಇದೆಯೇ ಎಂದು ನೋಡಲು ಹಂಚಿನ ಮೇಲಿನ ರೊಟ್ಟಿಯೊಡನೆ ಮಾತಾಡಿದ್ದೇನೆ. "ಉಬ್ಬು ನೋಡೂಣು, ಉಬ್ಬು" ಎಂದು. ಅದೂ ಕೆಲವು ಸಲ ಮಾತು ಕೇಳುತ್ತಿರಲಿಲ್ಲ.

ಗಡಿಗೆ ತಂದಿದ್ದೆ. ಬೆಳಿಗ್ಗೆ ಒಂದು ಹಿಡಿ ತೆಗೆದಿಡುವುದನ್ನೂ ಬಿಟ್ಟಿರಲಿಲ್ಲ. ಹಳೆಯ ಹಿಟ್ಟನ್ನು ನಾನು ಉಣ್ಣುವುದು, ಹೊಸದನ್ನು ಗಡಿಗೆಗೆ ಹಾಕುವುದು. ಹೀಗೆ ಅದು ಎಂದೂ ಖಾಲಿಯಾಗಲಿಲ್ಲ, ಕೆಡಲೂ ಇಲ್ಲ. ಜೋಳಿಗೆ ಈ ಓಣಿಗೆ ಬರುವುದು ಸಾಧ್ಯವಿರಲಿಲ್ಲ. ಅದು ನಮ್ಮ ಕಡೆಯ ಜನರಿದ್ದ ಸಾಲುಮನೆಗಳಿಗೆ ಮಾತ್ರ ಹೋಗುತ್ತಿತ್ತು. ಆದರೂ ಸೋಮವಾರ ಮುಂಜಾನೆ ಖಾನಾವಳಿಗೆ ತಡಮಾಡಿ ಹೋಗುತ್ತಿದ್ದೆ. ದೂರದ ದೊಡ್ಡ ರಸ್ತೆಯಲ್ಲಿ ಜಂಗಿನ ಸಪ್ಪಳ ಹೋಗುವುದು, ಗಾಳಿ ಇತ್ತ ಬೀಸಿದರೆ ಕೇಳುತ್ತಿತ್ತು. ಅದನ್ನು ಕೇಳಿಯೇ ಹೊರಡುತ್ತಿದ್ದೆ. ಪಂಚಮಿ ಹತ್ತಿರ ಬರುತ್ತಿತ್ತು. ಅಣ್ಣ ಬಂದು ಮತ್ತೆ ಅದೇ ಮಾತು ಕೇಳುತ್ತಾನೆ. ಇಲ್ಲಿ ಯಾರಿದ್ದಾರೆ ನಿನಗೆ? ಟ್ರಂಕಿನಲ್ಲಿ ಸೀರೆಗಳನ್ನು ಮಡಿಸಿಡಲು ಶುರು ಮಾಡಿದೆ.

ಮುದುಕಿ ನನ್ನ ಖೋಲಿ ಹುಡುಕಿಕೊಂಡು ಬಂದದ್ದು ಆ ದಿನಗಳಲ್ಲೇ. ನಾನು ಪಂಕ್ತಿಯಲ್ಲಿ ಕಾಣಲಿಲ್ಲವೆಂದು ಕೇಳಿಕೊಂಡು ಬಂದಿದ್ದಳು. ಒಂದು ಕೈಯಲ್ಲಿ ಕಟ್ಟಿಗೆ, ಅದರ ಜೊತೆ ಸಾಮಿಲ್ಲಿನವರು ಎಸೆದ ಒಂದು ಉದ್ದ ಹಲಗೆಯ ತುಂಡು. ನಾನು ಪೇಜ ಮಾಡಿದೆ, ಅಕ್ಕಿ ಕೊಂಚ ಹೊತ್ತಿತು. "ರೊಟ್ಟಿಗಿಂತ ಪಾಡ" ಎಂದು ಕುಡಿದಳು. ರಾತ್ರಿ ಇಲ್ಲೇ ಮಲಗು, ಮಳೆ ಬಂದೀತು ಎಂದೆ. ನನಗೇ ಜೊತೆ ಬೇಕಿತ್ತು, ಮಳೆಯ ಹೆಸರು ಹೇಳಿದೆ. ಆಕೆ ಸುತ್ತ ನೋಡಿ ತಲೆಯಾಡಿಸಿದಳು. "ನಾಲ್ಕೂ ಕಡೆ ಗ್ವಾಡಿ ಇದ್ರ ನನಗ ಉಸುರು ಕಟ್ಟತೈತಿ. ನೀ ಮನೀಯಾಕಿ. ನಾ ಹೊರಗಿನಾಕಿ."

"ಇದೆಲ್ಲಿ ಮನಿ?" ಎಂದೆ. "ಹೊಸ್ತಿಲಾ ಸುದ್ದಾ ಇಲ್ಲ ನೋಡು."

ಬಾಗಿಲಲ್ಲಿ ನಿಜವಾಗಿಯೂ ಏನೂ ಇರಲಿಲ್ಲ, ಓಣಿಯ ಮಣ್ಣು ನೇರ ಒಳಗೆ ಬರುತ್ತಿತ್ತು. ಆಕೆ ಒಲೆಗೆಂದು ತಂದ ಆ ಹಲಗೆಯನ್ನು ಎತ್ತಿ ನೋಡಿದಳು. ಸಾಗವಾನಿಯದು, ಒಂದು ಬದಿಗೆ ತೊಗಟೆ ಇನ್ನೂ ಇತ್ತು. "ಇದು ಸುಡೂದಲ್ಲ" ಎಂದಳು. ಬಾಗಿಲಲ್ಲಿ ಕೂತು, ಒಳ್ಳೆಯ ಕೈಯಿಂದ ಮಣ್ಣು ಕೆದರಿ ಹಲಗೆಯನ್ನು ಅಡ್ಡ ಹೂಳಿದಳು, ಮೇಲೆ ನಿಂತು ತುಳಿದು ಗಟ್ಟಿ ಮಾಡಿದಳು. ಆಮೇಲೆ ತಾನೇ ಅದನ್ನು ದಾಟಿ ಹೊರಗೆ ಹೋದಳು. ನಾನು ಅದಕ್ಕೆ ಅರಿಸಿನ ಕುಂಕುಮ ಹಚ್ಚಲಿಲ್ಲ. ಹಚ್ಚುವ ಕೈ ನನ್ನದಲ್ಲ ಎಂದು ಆಗ ಅನ್ನಿಸುತ್ತಿತ್ತು. ಒಂದು ಸ್ವಲ್ಪ ವಿಭೂತಿ ಎಳೆದೆ.

ಶ್ರಾವಣದ ಮೊದಲ ಸೋಮವಾರ. ಪಂಚಮಿಗೆ ಇನ್ನು ಸ್ವಲ್ಪವೇ ದಿನ. ಮಳೆ ನಿಂತು ತಗಡಿನಿಂದ ಹನಿ ಬೀಳುತ್ತಿತ್ತು. ನಾನು ಖಾನಾವಳಿಗೆ ಹೊರಡುವ ಮುಂಚೆ ಎಂದಿನಂತೆ ಕಿವಿಕೊಟ್ಟು ನಿಂತೆ. ಜಂಗಿನ ಸಪ್ಪಳ ದೊಡ್ಡ ರಸ್ತೆಯಲ್ಲಿ ಕೇಳಿತು. ಆದರೆ ದೂರವಾಗಬೇಕಾದದ್ದು ಹತ್ತಿರವಾಗತೊಡಗಿತು. ಅದರ ಜೊತೆ ಆ ಮುದುಕಿಯ ದನಿ.

"ಇಕಡೆ ಬಾ ಅಜ್ಜಾ, ಇಕಡೆ. ಇಲ್ಲೊಂದು ಮನಿ ಉಳದೈತಿ."

"ಈ ಓಣ್ಯಾಗ ನಮ್ಮವರು ಯಾರೂ ಇಲ್ಲವಲ್ಲವಾ. ಯಾರದ ಮನಿ?" ಅಜ್ಜಾರ ದನಿ.

"ನೀ ಹಂಗ ಕೇಳಬಾರದಂತಲ್ಲ!"

ಜಂಗಿನ ಸಪ್ಪಳ ಮತ್ತೆ ಇತ್ತ ನಡೆಯಿತು. ನಾನು ಒಳಗೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡೆ. ನಗು ಬಂತೋ ಅಳು ಬಂತೋ ನನಗೇ ತಿಳಿಯಲಿಲ್ಲ. ಕೂಗಿ ಕರೆಯಬಾರದೆಂಬ ನೇಮ ಕೊಡುವವರಿಗೆ. ಆಕೆ ಉಣ್ಣುವವಳು, ಅದೂ ಶಿಲುಬೆ ಕಟ್ಟಿದವಳು. ಆಕೆಗೆ ಯಾವ ನೇಮ? ಜಂಗು ನನ್ನ ಬಾಗಿಲಲ್ಲಿ ಬಂದು ನಿಂತಿತು.

ಗಡಿಗೆ ಎತ್ತಿಕೊಂಡು ಹಲಗೆಯ ಈಚೆ ನಿಂತೆ. ಅಜ್ಜಾರು ತಲೆ ತಗ್ಗಿಸಿ ಜೋಳಿಗೆಯ ಬಾಯಿ ತೆರೆದರು. ಮೊದಲಿಗಿಂತ ಬಾಡಿದ್ದರು, ಕಂಬಳಿಯ ಕೊಪ್ಪೆಯಿಂದ ನೀರು ಇಳಿಯುತ್ತಿತ್ತು. ಹಿಟ್ಟು ಸುರಿಯಲು ನಾನು ಕೈ ಚಾಚಿದೆ. ಮುಖ ನೋಡದವರಿಗೆ ಕೈ ಕಾಣುತ್ತದಲ್ಲ. ಬಳೆಯಿಲ್ಲದ ಮುಂಗೈ, ಹೆಬ್ಬೆರಳ ಬುಡದಲ್ಲಿ ಎಂದೋ ಹಂಚು ತಾಗಿ ಸುಟ್ಟ ಕಲೆ. ವರ್ಷಗಟ್ಟಲೆ ಆ ಕೈಯಿಂದ ಹಿಟ್ಟು ಇಸಿದುಕೊಂಡವರು. ಜೋಳಿಗೆ ಹಿಡಿದ ಅವರ ಬೆರಳು ಒಂದು ಕ್ಷಣ ಅಲುಗಿತು. ಮುಚ್ಚಿಬಿಡುತ್ತಾರೆ, ಬೇಡ ತಾಯಿ ಅನ್ನುತ್ತಾರೆ ಎಂದುಕೊಂಡೆ.

ಅವರು ಜೋಳಿಗೆಯ ಬಾಯಿಯನ್ನು ಇನ್ನಷ್ಟು ಅಗಲ ಮಾಡಿದರು. ಗಡಿಗೆಯ ತಳ ಬಡಿದು ಕೊನೆಯ ಚೂರೂ ಬೀಳುವವರೆಗೆ ಹಾಗೆಯೇ ಹಿಡಿದು ನಿಂತರು.

"ಶರಣು ತಾಯಿ" ಎಂದರು. ತಲೆ ಎತ್ತಲಿಲ್ಲ. ಎರಡು ಹೆಜ್ಜೆ ಹೋದವರು ನಿಂತು, ಅತ್ತ ಮುಖ ಮಾಡಿಯೇ ಹೇಳಿದರು: "ಸೋಮವಾರಕ್ಕೊಮ್ಮೆ ಬರ್ತೇನಿ. ತಗದಿಡ್ರಿ."

ಮುದುಕಿ ನನ್ನ ಕಡೆ ನೋಡಲೂ ಇಲ್ಲ. ಆಕೆಗೆ ಕಟ್ಟಿಗೆಗೆ ಹೊತ್ತಾಗಿತ್ತು. ಸಪ್ಪಳ ಓಣಿ ದಾಟುವವರೆಗೆ ಕೇಳಿ, ನಾನು ಖಾಲಿ ಗಡಿಗೆಯನ್ನು ಒಲೆಯ ಪಕ್ಕ ಇಟ್ಟೆ. ಮನೆಯಲ್ಲಿ ಆಗಲೂ ಯಾರೂ ಇರಲಿಲ್ಲ. ಗರಗಸದ ಸದ್ದು ಶುರುವಾಯಿತು, ನಾನು ಕೆಲಸಕ್ಕೆ ಹೋದೆ.

ಪಂಚಮಿಯ ಮುನ್ನಾದಿನ ಅಣ್ಣ ಸಾಲುಮನೆಗಳಲ್ಲಿ ಕೇಳಿಕೊಂಡು ನನ್ನ ಖೋಲಿಗೆ ಬಂದ. ಹಲಗೆ ಎಡವಿಕೊಂಡೇ ಒಳಗೆ ಬಂದು, ಖೋಲಿಯನ್ನೆಲ್ಲ ಕಣ್ಣಲ್ಲೇ ಅಳೆದ. ಮಡಿಸಿಟ್ಟ ಸೀರೆಗಳಲ್ಲಿ ಎರಡನ್ನಷ್ಟೇ ಕೈಚೀಲಕ್ಕೆ ಹಾಕಿದ್ದನ್ನು ಕಂಡು ಕೇಳಿದ: "ಟ್ರಂಕು?"

"ಅದಿಲ್ಲೇ ಇರಲಿ. ಹಬ್ಬಾ ಮುಗಿಸಿ ಸೋಮವಾರದೊಳಗ ನಾ ತಿರುಗಿ ಬರಬೇಕಣ್ಣಾ."

"ಸೋಮವಾರ ಏನೈತಿ?"

"ಅಜ್ಜಾರು ಭಿಕ್ಷಾಕ್ಕ ಬರ್ತಾರ" ಎಂದೆ. "ಮನ್ಯಾಗ ನಾ ಇರಬೇಕಲ್ಲ."